ಮಾತ್ರೆ ಒತ್ತುವ ಮೊದಲೇ ಬಿಡುಗಡೆಯ ರೇಖೆ: ನನ್ನ ಅನುಭವ

ಮಧುಮೇಹದ ಔಷಧ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಅದನ್ನು ನಿಧಾನವಾಗಿ ಬಿಡುವ ಪಾಲಿಮರ್ ಎಚ್‌ಪಿಎಂಸಿ ಕೆ100ಎಂನ ಮ್ಯಾಟ್ರಿಕ್ಸ್. ಮಾತ್ರೆ ಒತ್ತುವ ಮೊದಲೇ ಅದರ ಬಿಡುಗಡೆಯ ರೇಖೆಯನ್ನು, ಅಂದರೆ ಯಾವ ಗಂಟೆಗೆ ಶೇಕಡಾ ಎಷ್ಟು ಔಷಧ ಹೊರಬರುತ್ತದೆಂಬುದನ್ನು, ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಕೊಡುತ್ತೇನೆ ಎಂದಾಗ ವಿಭಾಗದ ಹಿರಿಯರೊಬ್ಬರು, "ಹಿಗುಚಿ ಸಮೀಕರಣ 1961ರಿಂದ ಇದೆ, ನಿಮ್ಮದೇನು ಹೊಸತು?" ಎಂದರು. ಹಿಗುಚಿಯಾಗಲಿ, ಕೋರ್ಸ್‌ಮೇಯರ್-ಪೆಪ್ಪಾಸ್ ಆಗಲಿ, ಔಷಧ ಬಿಡುಗಡೆಯ ಈ ಸಮೀಕರಣಗಳನ್ನು ನಾವು ಬಳಸುವುದು ಡಿಸಲ್ಯೂಷನ್ (ಮಾತ್ರೆಯನ್ನು ದ್ರವದಲ್ಲಿ ಕರಗಿಸುವ ಪರೀಕ್ಷೆ) ಅಂಕಿಗಳು ಕೈಗೆ ಬಂದ ಮೇಲೆ. ಬಂದ ಬಿಂದುಗಳಿಗೆ ಗೆರೆ ಹೊಂದಿಸುವುದನ್ನು ಮುನ್ಸೂಚನೆ ಎನ್ನಲು ನಾನು ಇಂದಿಗೂ ಒಪ್ಪುವುದಿಲ್ಲ.

ಮೊದಲ ಐದಾರು ತಿಂಗಳು ವ್ಯರ್ಥವಾದವು. ಕಂಪ್ಯೂಟರಿನಲ್ಲಿ ಒಣ ಪಾಲಿಮರಿನ ಪೆಟ್ಟಿಗೆ ಕಟ್ಟಿ, ಅಣುಗಳ ಚಲನೆಯನ್ನು ಅನುಕರಿಸುವ ಗ್ರೋಮ್ಯಾಕ್ಸ್ ತಂತ್ರಾಂಶದಲ್ಲಿ 200 ನ್ಯಾನೊಸೆಕೆಂಡ್ ಓಡಿಸಿದೆ. ಔಷಧದ ಅಣು ಇದ್ದಲ್ಲೇ ಅಲುಗಾಡಿತು, ಮುಂದೆ ಸಾಗಲಿಲ್ಲ. ಅಣು ಸರಿದ ದೂರದ ವರ್ಗದ ಸರಾಸರಿಯನ್ನು ಸಮಯದ ಎದುರು ಇಟ್ಟ ಲಾಗ್-ಲಾಗ್ ನಕ್ಷೆಯಲ್ಲಿ ಇಳಿಜಾರು 0.4ರ ಆಸುಪಾಸು. ಅದು 1ಕ್ಕೆ ಬರುವವರೆಗೆ ವಿಸರಣ ಗುಣಾಂಕ (ಅಣು ಎಷ್ಟು ಬೇಗ ಹರಡುತ್ತದೆಂಬುದರ ಅಳತೆ) ತೆಗೆಯಬಾರದೆಂದು ಗೊತ್ತಿದ್ದೂ ಆತುರದಿಂದ ತೆಗೆದೆ. ರೇಖೆ ನೆಲಕ್ಕೆ ಅಂಟಿಕೊಂಡಿತು. ಬಾಡಿಗೆ ಸರ್ವರಿಗೆ ಸುಮಾರು 90 ಸಾವಿರ ರೂಪಾಯಿ ಸುರಿದಿದ್ದೆ. ಅನುದಾನ ಮುಗಿದಾಗ 28 ಸಾವಿರಕ್ಕೆ ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡ್ ಕೊಂಡು ಮನೆಯಲ್ಲೇ ಓಡಿಸತೊಡಗಿದೆ.

ದಾರಿ ತೋರಿಸಿದ್ದು ನೀರು. ಔಷಧ ಸಾಗುವುದು ಉಬ್ಬಿದ ಜೆಲ್ ಪದರದಲ್ಲಿ. ಒಣ ತಿರುಳಿನಲ್ಲಿ ಏನನ್ನು ಅಳೆದರೂ ಪ್ರಯೋಜನವಿಲ್ಲ. ಶೇ. 40, 60, 80 ನೀರಿರುವ ಮೂರು ಪೆಟ್ಟಿಗೆ ಕಟ್ಟಿದೆ. ಆಗಲೂ ಎರಡು ತಪ್ಪುಗಳಾದವು. ಪರೀಕ್ಷಾ ದ್ರವದ ಪಿಎಚ್ 6.8ರಲ್ಲಿ ಮೆಟ್‌ಫಾರ್ಮಿನ್ ಧನ ಆವೇಶ ಹೊತ್ತಿರುತ್ತದೆ, ನಾನು ತಟಸ್ಥ ಅಣುವನ್ನು ಇಟ್ಟಿದ್ದೆ. ಅದನ್ನು ಸರಿಪಡಿಸಿ, ಆವೇಶ ಸರಿದೂಗಿಸಲು ಕ್ಲೋರೈಡ್ ಸೇರಿಸಿದ ಮೇಲೂ ಬಿಡುಗಡೆ ಅತಿ ವೇಗವಾಗಿ ಬಂತು. ಕಾರಣ ನೀರಿನ ಅಣುವಿಗೆ ನಾನು ಬಳಸಿದ ಟಿಐಪಿ3ಪಿ ಎಂಬ ಲೆಕ್ಕದ ಮಾದರಿ: ಅದರ ನೀರು ನಿಜವಾದ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಹರಡುತ್ತದೆ. ಅದರ ಬದಲು ಎಸ್‌ಪಿಸಿ/ಇ ಎಂಬ ಇನ್ನೊಂದು ಮಾದರಿ ಹಾಕಿದ ದಿನವೇ ಅಂಕಿಗಳು ಹದಕ್ಕೆ ಬಂದವು.

ಮೂರು ಪೆಟ್ಟಿಗೆಗಳಿಂದ ಬಂದ ಮೂರೂ ವಿಸರಣ ಗುಣಾಂಕಗಳನ್ನು, ಜೆಲ್ ಪದರದ ಅಂಚು ಸರಿಯುವುದನ್ನು ಲೆಕ್ಕಿಸುವ ಚಲಿಸುವ ಗಡಿಯ ಸಮೀಕರಣಕ್ಕೆ ಕೊಟ್ಟೆ. ಪೈಥಾನ್‌ನಲ್ಲಿ ಮುನ್ನೂರು ಸಾಲು. ಜೆಲ್ ಪದರದ ಉದ್ದಕ್ಕೂ ನೀರಿನ ಪ್ರಮಾಣವನ್ನು ಹೇಗೆ ಹಂಚಿದೆನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ರೇಖೆಯನ್ನು ಪರೀಕ್ಷೆಯ ಹಿಂದಿನ ದಿನವೇ ಎಲ್ಲರಿಗೂ ಕಳುಹಿಸಿದೆ. 1, 3, 8 ಗಂಟೆಗಳಿಗೆ ನಾನು ಹೇಳಿದ್ದು ಶೇ. 32, 54, 88. ಪ್ಯಾಡಲ್ ಉಪಕರಣದಲ್ಲಿ ಬಂದದ್ದು 35, 57, 91ರ ಹತ್ತಿರ. ಎರಡು ರೇಖೆಗಳ ಹೋಲಿಕೆಯನ್ನು ಅಳೆಯುವ ಎಫ್2 ಸುಮಾರು 75. ಐವತ್ತು ದಾಟಿದರೆ ಸಾಕಿತ್ತು!

ಇದರ ನಡುವೆ ಎಚ್‌ಪಿಎಂಸಿ ಬದಲು ಹುಣಸೆ ಬೀಜದ ಅಂಟನ್ನೂ ಪ್ರಯತ್ನಿಸಿದೆ. ಅಗ್ಗ, ಚೆನ್ನಾಗಿ ಉಬ್ಬುತ್ತದೆ. ಆದರೆ ಒಂದು ಚೀಲದ ಸ್ನಿಗ್ಧತೆ ಇನ್ನೊಂದಕ್ಕಿಲ್ಲ. ಎರಡು ಚೀಲ ಬೇರೆ ಬೇರೆ ರೇಖೆ ಕೊಟ್ಟವು, ನನ್ನ ಲೆಕ್ಕ ಎರಡಕ್ಕೂ ಕೂಡಲಿಲ್ಲ. ಮೂರನೆಯ ಚೀಲ ತರಿಸಿದ್ದೇನೆ.