ಸದಸ್ಯತ್ವ ಶುಲ್ಕ ಮತ್ತು ಪ್ರಾಯೋಜಕರ ಹಂತಗಳು: ಲೆಕ್ಕ ಹಾಕುವುದು ಹೇಗೆ

ಸದಸ್ಯರ ಮತ್ತು ಪ್ರಾಯೋಜಕರ ಹಣದಿಂದ ಜಾಲತಾಣ ನಡೆಸುವುದಾದರೆ, ಬೇರೆಯವರು ಎಷ್ಟು ಶುಲ್ಕ ತೆಗೆದುಕೊಳ್ಳುತ್ತಾರೆಂದು ನೋಡಿ ನಿಮ್ಮ ಶುಲ್ಕ ನಿಗದಿ ಮಾಡಬೇಡಿ. ಅವರ ಖರ್ಚು ನಿಮಗೆ ಗೊತ್ತಿರುವುದಿಲ್ಲ. ಮೊದಲು ನಿಮ್ಮ ವರ್ಷದ ಖರ್ಚನ್ನು ಬರೆದಿಡಿ: ಸರ್ವರ್, ಡೊಮೇನ್, ಬ್ಯಾಕಪ್, ಇಮೇಲ್ ಸೇವೆ, ಲೆಕ್ಕಪರಿಶೋಧನೆ, ಸಂಬಳ. ಬ್ಯಾಕಪ್ಪನ್ನೂ ಲೆಕ್ಕಪರಿಶೋಧನೆಯನ್ನೂ ಮರೆಯುವವರೇ ಹೆಚ್ಚು.

ಖರ್ಚು 1,20,000 ರೂಪಾಯಿ ಎಂದುಕೊಳ್ಳೋಣ. ಮೂರು ತಿಂಗಳ ಖರ್ಚಿನಷ್ಟು, ಅಂದರೆ 30,000, ಆಪತ್ತಿಗೆಂದು ಎರಡು ವರ್ಷದಲ್ಲಿ ಕೂಡಿಡಬೇಕು. ಆಗ ವರ್ಷಕ್ಕೆ ಬೇಕಾದದ್ದು 1,35,000. ಇದರಲ್ಲಿ ಶೇ. 40, ಅಂದರೆ 54,000 ಪ್ರಾಯೋಜಕರಿಂದ, ಉಳಿದ 81,000 ಸದಸ್ಯರಿಂದ.

ನಿತ್ಯ ಬಳಸುವವರು 3,000 ಜನರಿದ್ದರೆ ಎಲ್ಲರೂ ಹಣ ಕೊಡುವುದಿಲ್ಲ. ನೂರಕ್ಕೆ ಮೂವರು ಎಂದು ಹಿಡಿದರೆ 90 ಜನ, ತಲಾ 900. ಆದರೆ ಪಾವತಿ ಸೇವೆ ತನ್ನ ಪಾಲು ಹಿಡಿದುಕೊಂಡೇ ಉಳಿದದ್ದನ್ನು ಕೊಡುತ್ತದೆ. ಶೇ. 2 ಮತ್ತು ಪ್ರತಿ ಪಾವತಿಗೆ 3 ರೂಪಾಯಿ ಕಡಿತವಾದರೆ ಕೈಗೆ ಬರುವುದು 879. ಆದ್ದರಿಂದ ಶುಲ್ಕ 925 ಇರಲಿ, ಆಗ 903.50 ಉಳಿಯುತ್ತದೆ, ಲೆಕ್ಕ ಸರಿಹೋಗುತ್ತದೆ.

ತಿಂಗಳ ಕಂತು ಕೊಡುವುದಾದರೆ 925ನ್ನು ಸುಮ್ಮನೆ 12ರಿಂದ ಭಾಗಿಸಿ 77 ಎನ್ನಬೇಡಿ. ಆ 3ರ ಕಡಿತ ವರ್ಷಕ್ಕೆ ಹನ್ನೆರಡು ಸಲ ಆಗುತ್ತದೆ. ತಿಂಗಳಿಗೆ 80 ಇಟ್ಟರೆ ಮಾತ್ರ ವರ್ಷಕ್ಕೆ 904.80 ಸಿಗುತ್ತದೆ.

ಅನುಕೂಲವಿಲ್ಲದವರಿಗೆ ಅರ್ಧ ಶುಲ್ಕ ಇಡಿ, ದಾಖಲೆ ಕೇಳಬೇಡಿ. ಪರಿಶೀಲನೆಯ ತಾಪತ್ರಯ ಉಳಿತಾಯಕ್ಕಿಂತ ದೊಡ್ಡದು. ಜೊತೆಗೆ ಇಷ್ಟವಿದ್ದವರು ದುಪ್ಪಟ್ಟು ಕೊಡುವ ಆಯ್ಕೆಯೂ ಇರಲಿ. ಅಂಥ ಒಬ್ಬರು ಸಾಕು, ಅರ್ಧ ಶುಲ್ಕದ ಇಬ್ಬರನ್ನು ಸರಿದೂಗಿಸುತ್ತಾರೆ.

ಇನ್ನು ಪ್ರಾಯೋಜಕರು. ಮೂರೇ ಹಂತ ಸಾಕು: 3,000, 9,000, 24,000. ಕ್ರಮವಾಗಿ ನಾಲ್ವರು, ಇಬ್ಬರು, ಒಬ್ಬರು ಸಿಕ್ಕರೆ ಸರಿಯಾಗಿ 54,000. ಹಂತಗಳ ನಡುವೆ ಅಂತರ ಕಡಿಮೆಯಾದರೆ ಎಲ್ಲರೂ ಕೆಳಗಿನದನ್ನೇ ಆರಿಸಿಕೊಳ್ಳುತ್ತಾರೆ. ಯಾವ ಪ್ರಾಯೋಜಕರ ಪಾಲೂ ಒಟ್ಟು ಆದಾಯದ ಐದನೇ ಒಂದರಷ್ಟನ್ನು ಮೀರದಿರಲಿ. ಇಲ್ಲಿ 24,000 ಅದರೊಳಗಿದೆ. ಅವರು ಬಿಟ್ಟುಹೋದರೂ ಪೂರ್ತಿ ತುಂಬಿದ ಆಪತ್ತಿನ ನಿಧಿ ಒಂದು ವರ್ಷ ಕೈಹಿಡಿಯುತ್ತದೆ. ಹಂತಗಳಿಗೆ ಚಿನ್ನ, ಬೆಳ್ಳಿ ಎಂದು ಹೆಸರಿಡುವುದು ನಿಮ್ಮಿಷ್ಟ.

ಹೆಚ್ಚಿನವರು ಎಡವುವುದು ಪ್ರತಿಫಲದಲ್ಲಿ. 9,000 ಕೊಟ್ಟವರಿಗೆ ತಿಂಗಳಿಗೊಂದು ಲೇಖನ ಎಂದು ಮಾತು ಕೊಟ್ಟರೆ, ಇಬ್ಬರಿಗೆ 24 ಲೇಖನ, ಒಂದಕ್ಕೆ ನಾಲ್ಕು ತಾಸಾದರೂ 96 ತಾಸು. ಆ ದುಡ್ಡೆಲ್ಲ ಅಲ್ಲೇ ಕರಗಿತು! ಒಮ್ಮೆ ಮಾಡಿ ಮುಗಿಯುವುದನ್ನಷ್ಟೇ ಕೊಡಿ: ಮೊದಲ ಹಂತಕ್ಕೆ ಪಟ್ಟಿಯಲ್ಲಿ ಹೆಸರು, ಎರಡನೆಯದಕ್ಕೆ ಸಣ್ಣ ಲೋಗೋ, ಮೂರನೆಯದಕ್ಕೆ ಮುಖಪುಟದಲ್ಲಿ ಲೋಗೋ. ಒಪ್ಪಂದ ಪತ್ರದಲ್ಲಿ ಎರಡು ಮಾತು ಇರಲೇಬೇಕು: ಲೋಗೋ ಯಾವ ದಿನಾಂಕದವರೆಗೆ ಇರುತ್ತದೆ, ಮತ್ತು ವಿಷಯದ ಆಯ್ಕೆಯಲ್ಲಿ ಪ್ರಾಯೋಜಕರು ಕೈಹಾಕುವಂತಿಲ್ಲ. ಪ್ರತಿಫಲ ಜಾಹೀರಾತಿನ ಹಾಗಿದ್ದರೆ ಹಣವನ್ನು ದೇಣಿಗೆ ಎನ್ನಲಾಗದೆ ತೆರಿಗೆ ಬೀಳಬಹುದು. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ.

ಕಾರ್ಡಿನ ಅವಧಿ ಮುಗಿದು ಪಾವತಿ ನಿಂತರೆ ಎಷ್ಟೋ ಸದಸ್ಯರಿಗೆ ತಾವು ಹೊರಗುಳಿದಿದ್ದೇ ತಿಳಿಯುವುದಿಲ್ಲ. ನವೀಕರಣಕ್ಕೆ 30 ದಿನ ಮೊದಲೊಮ್ಮೆ, 7 ದಿನ ಮೊದಲೊಮ್ಮೆ ನೆನಪಿಸಿ. ಪಾವತಿ ವಿಫಲವಾದರೆ ಅಂದೇ ತಿಳಿಸಿ.