ಆಳವಿಲ್ಲದ ಕೆರೆಯಲ್ಲೂ ನೈಟ್ರಿಫೈಯರ್‌ಗಳ ಇಂಗಾಲ ಅಳೆಯಬಹುದು: ನನ್ನ ಅನುಭವ

ನೈಟ್ರಿಫೈಯರ್‌ಗಳು ಅಂದರೆ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸಿ ಬದುಕುವ ಸೂಕ್ಷ್ಮಜೀವಿಗಳು; ಮೈ ಕಟ್ಟಿಕೊಳ್ಳೋಕೆ ನೀರಿನಲ್ಲಿ ಕರಗಿದ ಇಂಗಾಲ ಹಿಡಿಯುತ್ತವೆ. ಮೂರು ಮೀಟರ್ ಆಳದ ಕೆರೆಯಲ್ಲಿ ನೈಟ್ರಿಫೈಯರ್‌ಗಳು ಹಿಡಿಯುವ ಇಂಗಾಲ ಕೈಗೆ ಸಿಗಲ್ಲ ಅಂತ ಎಷ್ಟು ಜನ ಹೇಳಿದರೆಂದರೆ, ಕೊನೆಗೆ ನನಗೆ ಅದೇ ಹಟವಾಯಿತು. ಯುರೋಪಿನ ಕಾನ್‌ಸ್ಟನ್ಸ್ ಸರೋವರ 250 ಮೀಟರ್ ಆಳ, ಅಲ್ಲಿನ ತಳದ ಕತ್ತಲಲ್ಲಿ ಅಮೋನಿಯಾ ತಿನ್ನುವ ಆರ್ಕಿಯಾಗಳದೇ (ಬ್ಯಾಕ್ಟೀರಿಯಾದಂತೆ ಕಾಣುವ ಬೇರೆಯೇ ಸೂಕ್ಷ್ಮಜೀವಿಗಳು) ರಾಜ್ಯ, ನಿಮ್ಮ ಮೈಸೂರು ಕಡೆಯ ಕೆರೆಯಲ್ಲಿ ಪಾಚಿ ಬಿಟ್ಟರೆ ಏನಿದೆ ಅಂತ ಕೇಳಿದರು. ಕತ್ತಲಲ್ಲಿ ಎಲ್ಲ ಬ್ಯಾಕ್ಟೀರಿಯಾಗಳೂ ಚೂರುಪಾರು ಬೈಕಾರ್ಬನೇಟ್ (ನೀರಿನಲ್ಲಿ ಕರಗಿದ ಇಂಗಾಲ) ಒಳಗೆ ಎಳೆದುಕೊಳ್ಳುತ್ತವಲ್ಲ, ಅದರಲ್ಲಿ ನೈಟ್ರಿಫೈಯರ್‌ಗಳ ಪಾಲು ಯಾವುದು ಅಂತ ಹೇಗೆ ಹೇಳ್ತೀರಿ ಅನ್ನೋದು ಇನ್ನೊಂದು ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಈಗ ನನ್ನ ಹತ್ತಿರ ಇದೆ.

ಗುರುತಿನ ಇಂಗಾಲವಿರುವ ಬೈಕಾರ್ಬನೇಟನ್ನು ಕೆರೆ ನೀರಿನ ಬಾಟಲಿಗೆ ಹಾಕಿ, ಕತ್ತಲಲ್ಲಿಟ್ಟು, ಸೋಸಿ, ಜೀವಿಗಳ ಮೈಯಲ್ಲಿ ಅದು ಎಷ್ಟು ಸೇರಿತು ಅಂತ ನೋಡೋದು ವಿಧಾನ. ವಿಕಿರಣ ಸೂಸುವ ಕಾರ್ಬನ್-14 ಆಗಿದ್ದರೆ ಸಲೀಸು, ಆದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಅನುಮತಿ, ವಿಕಿರಣದ ಕಸ, ಇವೆಲ್ಲ ನಮ್ಮಂಥ ಸಣ್ಣ ಲ್ಯಾಬಿಗೆ ಆಗದ ಮಾತು. ಹಾಗಾಗಿ ವಿಕಿರಣವಿಲ್ಲದ ಕಾರ್ಬನ್-13 ಬೈಕಾರ್ಬನೇಟ್. ಗ್ರಾಂಗೆ ಹತ್ತು ಸಾವಿರದ ಆಸುಪಾಸು ಕೊಟ್ಟ ನೆನಪು. ನಮ್ಮ ನೀರು ಗಡಸು, ಕ್ಷಾರೀಯತೆ (ಅದರಲ್ಲಿರುವ ಬೈಕಾರ್ಬನೇಟಿನ ಅಂದಾಜು ಅಳತೆ) ಲೀಟರಿಗೆ 200 ಮಿಲಿಗ್ರಾಂ ದಾಟುತ್ತದೆ, ಒಟ್ಟು ಬೈಕಾರ್ಬನೇಟಿನಲ್ಲಿ ಶೇ. 10ರಷ್ಟಾದರೂ ಲೇಬಲ್, ಅಂದರೆ ಕಾರ್ಬನ್-13, ಇರಬೇಕೆಂದರೆ ಲೀಟರಿಗೆ 35 ಮಿಲಿಗ್ರಾಂ ಹತ್ತಿರ ಸುರಿಯಬೇಕು. ಎರಡು ಸುತ್ತಿಗೆ ಗ್ರಾಂ ಖಾಲಿ. ಕಾರ್ಬನ್-13 ಎಷ್ಟಿದೆ ಅಂತ ಅಳೆಯುವ ಯಂತ್ರ ಐಆರ್‌ಎಂಎಸ್‌ಗೆ ಸ್ಯಾಂಪಲ್ಲಿಗೆ ಎರಡು ಸಾವಿರದಷ್ಟು ಬೇರೆ ಆಗಿತ್ತು.

ಮೊದಮೊದಲ ಸುತ್ತುಗಳಲ್ಲಿ ದುಡ್ಡು ನೀರಿಗೆ ಹೋಯಿತು. ನೈಟ್ರೈಟ್, ನೈಟ್ರೇಟ್ ಚೆನ್ನಾಗಿ ಏರುತ್ತಿದ್ದವು, ಫಿಲ್ಟರಿನಲ್ಲಿ ಕಾರ್ಬನ್-13 ಮಾತ್ರ ಅಲ್ಲಾಡುತ್ತಿರಲಿಲ್ಲ. ನನ್ನ ಅನುಮಾನ ಹೋದದ್ದು ಎಲ್ಲರೂ ಕಣ್ಣುಮುಚ್ಚಿ ಬಳಸುವ ಜಿಎಫ್/ಎಫ್ ಅನ್ನೋ ಗಾಜಿನ ನಾರಿನ ಫಿಲ್ಟರಿನ ಮೇಲೆ. ಅದರ ರಂಧ್ರ 0.7 ಮೈಕ್ರಾನ್. ಅಮೋನಿಯಾ ತಿನ್ನುವ ಆರ್ಕಿಯಾದ ದಪ್ಪ ಸುಮಾರು 0.2. ಹಿಡಿಯಬೇಕಾದದ್ದೇ ಜರಡಿ ದಾಟಿ ಹೋಗುತ್ತಿತ್ತು! 0.3 ಮೈಕ್ರಾನಿನ ಗ್ಲಾಸ್ ಫೈಬರ್ ಫಿಲ್ಟರ್ ತರಿಸಿದೆ, ಬೆಲೆ ಜಾಸ್ತಿ, ನೀರು ಇಳಿಯೋದೂ ನಿಧಾನ, ಅದರಲ್ಲೂ ಒಂದಷ್ಟು ಜಾರಿ ಹೋಗಬಹುದು, ಆದರೆ ಸಿಗ್ನಲ್ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಪಾಚಿಯ ಗುಂಪುಗಳನ್ನು ಮೊದಲೇ ಪ್ಲ್ಯಾಂಕ್ಟನ್ ಬಲೆಯಲ್ಲಿ ಸೋಸಿ ತೆಗೆಯಿರಿ, ಇಲ್ಲದಿದ್ದರೆ ಅವುಗಳ ಹಳೆಯ ಇಂಗಾಲದಲ್ಲಿ ಹೊಸದು ಮುಳುಗಿಹೋಗುತ್ತದೆ. ಇನ್ನೂ ಸಣ್ಣದಾಗಿ ಸೋಸೋಕೆ ಹೋಗಬೇಡಿ, ಕಣಗಳಿಗೆ ಅಂಟಿಕೊಂಡ ನೈಟ್ರಿಫೈಯರ್‌ಗಳೂ ಹೋಗುತ್ತವೆ. ಗಡಸು ನೀರಿನಲ್ಲಿ ಸುಣ್ಣದ ಕಣ ಫಿಲ್ಟರಿನ ಮೇಲೆ ಉಳಿಯುತ್ತದೆ, ಅದನ್ನು ಕರಗಿಸುವ ಆಸಿಡ್ ಹೊಗೆಗೆ ಒಂದು ರಾತ್ರಿ ಸಾಲದು.

ನೈಟ್ರಿಫೈಯರ್‌ಗಳ ಪಾಲು ಬೇರೆ ಮಾಡೋದಕ್ಕೆ ಕೆಲವು ಬಾಟಲಿಗೆ ಅಸಿಟಿಲೀನ್ ಗ್ಯಾಸ್. ಅಮೋನಿಯಾ ತಿನ್ನುವ ಎಂಜೈಮನ್ನು ಅದು ಖಾಯಂ ಆಗಿ ಕೆಡಿಸುತ್ತದೆ, ಉಳಿದ ಬಹುಪಾಲು ಬ್ಯಾಕ್ಟೀರಿಯಾಗಳ ತಂಟೆಗೆ ಹೋಗಲ್ಲ. ವೆಲ್ಡಿಂಗ್ ಸಿಲಿಂಡರಿನ ಗ್ಯಾಸ್ ಮುಟ್ಟಬೇಡಿ. ಸಿಲಿಂಡರಿನೊಳಗೆ ಅಸಿಟಿಲೀನನ್ನು ಅಸಿಟೋನಿನಲ್ಲಿ ಕರಗಿಸಿ ಇಟ್ಟಿರುತ್ತಾರೆ, ಆ ಅಸಿಟೋನ್ ಉಳಿದ ಬ್ಯಾಕ್ಟೀರಿಯಾಗಳಿಗೆ ಊಟ. ನಾನು ವೆಲ್ಡಿಂಗ್ ಅಂಗಡಿಯಿಂದ ಕಾರ್ಬೈಡ್ ತಂದೆ, ಹಣ್ಣು ಮಾಗಿಸೋಕೆ ನಿಷೇಧವಿರುವ ಅದೇ ಕಾರ್ಬೈಡ್. ನೀರು ಹನಿಸಿ ಗ್ಯಾಸ್ ಎಬ್ಬಿಸಿದೆ, ತೊಳೆದು ಬಾಟಲಿಗೆ ಬಿಟ್ಟೆ. ಅದರಲ್ಲಿ ಫಾಸ್ಫೀನ್ ಸೇರಿರುತ್ತದೆ, ಫ್ಯೂಮ್ ಹುಡ್ ಬೇಕೇ ಬೇಕು, ಬೆಂಕಿ ಹತ್ತಿರ ಸುಳಿಯಕೂಡದು. ಯಾವುದರಲ್ಲಿ ತೊಳೆದೆ ಅನ್ನೋದನ್ನ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ತೀನಿ.

ಒಂದು ದಿನ ಕತ್ತಲಲ್ಲಿಟ್ಟು ನೈಟ್ರೈಟ್ ಟೆಸ್ಟ್ (ನೈಟ್ರೈಟ್ ಇದ್ದರೆ ಗುಲಾಬಿ ಬಣ್ಣ) ಮಾಡಿದಾಗ ಸಾದಾ ಬಾಟಲಿಯ ಟ್ಯೂಬು ಕಡು ಗುಲಾಬಿಗೆ ತಿರುಗಿತು, ಅಸಿಟಿಲೀನ್ ಬಾಟಲಿಯದ್ದು ಮೊದಲಿದ್ದಷ್ಟೇ ತಿಳಿ. ಐಆರ್‌ಎಂಎಸ್‌ನಲ್ಲೂ ಎರಡರ ನಡುವೆ ಐದಾರು ಪರ್ಮಿಲ್ (ಸಾವಿರಕ್ಕೆ ಐದಾರು) ಅಂತರ ಬಂತು. ಕತ್ತಲಲ್ಲಿ ಹಿಡಿದ ಇಂಗಾಲದ ಮೂರನೇ ಒಂದು ಪಾಲು ನೈಟ್ರಿಫೈಯರ್‌ಗಳದು. ಮೀಥೇನ್ ತಿನ್ನುವವನ್ನೂ ಅಸಿಟಿಲೀನ್ ನಿಲ್ಲಿಸುತ್ತದಲ್ವಾ ಅಂತ ಕೇಳೋರಿಗೆ: ಹಿಡಿದ ಒಂದು ಇಂಗಾಲದ ಪರಮಾಣುವಿಗೆ ಅಮೋನಿಯಾದ ಹತ್ತು ಹನ್ನೆರಡು ಸಾರಜನಕ ಪರಮಾಣು ಆಕ್ಸಿಡೈಸ್ ಆಗಿತ್ತು, ನೈಟ್ರಿಫೈಯರ್‌ಗಳಿಂದ ನಿರೀಕ್ಷೆ ಮಾಡುವ ಲೆಕ್ಕವೇ ಅದು. ಮೀಥೇನ್ ತಿನ್ನುವವು ದೊಡ್ಡ ಪಾಲು ಹೊಡೆದಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ.

ಕುತೂಹಲಕ್ಕೆ ಆಕ್ಟೈನ್ ಅನ್ನೋ ಇನ್ನೊಂದು ರಾಸಾಯನಿಕ ಹಾಕಿದ ಬಾಟಲಿಗಳನ್ನೂ ಇಟ್ಟಿದ್ದೆ. ಅದು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಆರ್ಕಿಯಾಗಳನ್ನು ಬಹುಪಾಲು ಬಿಡುತ್ತದೆ. ನೀರು ತಿಳಿಯಾಗಿದ್ದ ಚಳಿಗಾಲದಲ್ಲಿ ಅರ್ಧದಷ್ಟು ಕೆಲಸ ಆರ್ಕಿಯಾಗಳದೇ. ಚರಂಡಿ ನೀರು ನುಗ್ಗಿ ಅಮೋನಿಯಾ ಏರಿದ ಮೇಲೆ ಬ್ಯಾಕ್ಟೀರಿಯಾಗಳೇ ಎಲ್ಲ ನುಂಗಿದವು. ಬಾಟಲಿಗೆ ಸುಮ್ನೆ ಅಮೋನಿಯಂ ಸುರಿದರೂ ಇದೇ ಆಗುತ್ತದೆ, ಆದ್ದರಿಂದ ಕೆರೆಯಲ್ಲಿ ಇದ್ದಷ್ಟೇ ಇರಲಿ. ಆಕ್ಟೈನ್ ಸಾಲು ಸೇರಿಸಿದರೆ ಖರ್ಚು ಅರ್ಧದಷ್ಟು ಏರುತ್ತದೆ, ಆದರೂ ಅದಿಲ್ಲದೆ ನಾನು ಇನ್ನು ಸುತ್ತು ಶುರು ಮಾಡಲ್ಲ.