14 ಪದ್ಯ ಬರೆದು ಫೇಲಾದವನು 4 ಪದ್ಯದಲ್ಲಿ ಪಾಸಾದ ಕಥೆ

ಎಂಎ ಕನ್ನಡದ ಹಳಗನ್ನಡ ಪೇಪರಲ್ಲಿ ನಾನು ಎರಡು ಸಲ ಡುಮ್ಕಿ. ಮೊದಲ್ನೇ ಸಲ 80ಕ್ಕೆ 26. ರೀವ್ಯಾಲ್ಯುಯೇಷನ್‌ಗೆ 700ನೋ 800ನೋ ಕಟ್ಟಿದೆ, ಹೆಚ್ಚಿಗೆ ಬಂದಿದ್ದು ಒಂದೇ ಒಂದು ಮಾರ್ಕ್ಸು. ಎರಡನೇ ಸಲ ಟ್ಯೂಷನ್‌ಗೆ ಸುಮಾರು 6,500 ಸುರಿದೆ, ಗೈಡು ಜೆರಾಕ್ಸು ಅಂತ ಇನ್ನೊಂದು ಸಾವಿರ ಹೋಯ್ತು, ಬಂದಿದ್ದು 29. ಮೂರನೇ ಸಲ ಖರ್ಚು ಅಂದ್ರೆ ಎಕ್ಸಾಂ ಫೀಸು ಬಿಟ್ರೆ ಒಂದು ರಬ್ಬರ್ ಬ್ಯಾಂಡು, 58 ಬಂತು. ಹಂಗಾಗಿ ಬರೀತಿದೀನಿ, "ನಾಲ್ಕು ಪದ್ಯ ಇಟ್ಕೊಂಡು ಹೋದ್ರೆ ಮತ್ತೆ ಹೊಡ್ಕೊಳ್ತೀಯ" ಅಂದ ಫ್ರೆಂಡ್ಸೂ ಓದ್ಲಿ ಅಂತ.

ಎಲ್ಲಿ ತಪ್ತಿದ್ದೆ ಅಂತ ಗೊತ್ತಾಗಿದ್ದು ಉತ್ತರ ಪತ್ರಿಕೆಯ ಫೋಟೋಕಾಪಿ ತರಿಸ್ದಾಗ. ಪ್ರಶ್ನೆ ಮಾಮೂಲಿದು, ಪಂಪನ ಕರ್ಣನ ಪಾತ್ರವನ್ನು ಸೋದಾಹರಣವಾಗಿ ವಿವೇಚಿಸಿ. ಅಂದ್ರೆ ಪಂಪನ ಭಾರತ ಕಾವ್ಯದಲ್ಲಿ ಬರೋ ಕರ್ಣನ ಬಗ್ಗೆ ಪದ್ಯಗಳ ಉದಾಹರಣೆ ಕೊಟ್ಟು ವಿಚಾರ ಮಾಡ್ಬೇಕು. ನಾನು ಆ ಒಂದು ಉತ್ತರದಲ್ಲಿ 14 ಪದ್ಯ ಬರೆದಿದ್ದೆ, ಎಲ್ಲಾ ಬಾಯಿಪಾಠ, ಒಂದಕ್ಷರ ತಪ್ಪಿರ್ಲಿಲ್ಲ (ಈಗ್ಲೂ ಬೇಕಾದ್ರೆ ಒಪ್ಪಿಸ್ತೀನಿ), ಪ್ರತಿ ಪದ್ಯದ ಕೆಳಗೂ ತಾತ್ಪರ್ಯ. ಮಾರ್ಜಿನ್‌ನಲ್ಲಿ ಕೆಂಪು ಪೆನ್ನಲ್ಲಿ ಒಂದು ಉದ್ದ ಗೆರೆ, ಪಕ್ಕದಲ್ಲಿ ಬರೀ "ಕಥೆ" ಅಂತ. ಸೋದಾಹರಣ ಮಾಡಿದ್ದೆ, ವಿವೇಚನೆ ಮಾಡಿರ್ಲೇ ಇಲ್ಲ. ಟ್ಯೂಷನ್ ಮೇಷ್ಟ್ರು ಹೇಳಿಕೊಟ್ಟಿದ್ದೂ ಅದನ್ನೇ, ಪದ್ಯ ಜಾಸ್ತಿ ಇದ್ರೆ ಮಾರ್ಕ್ಸು ಜಾಸ್ತಿ ಅಂತ, ಅವರ ತಪ್ಪೂ ಅಲ್ಲ ಬಿಡಿ, ಅವರ ಕಾಲದಲ್ಲಿ ಹಂಗೇ ಬರ್ತಿತ್ತೇನೋ.

ಆಮೇಲೆ ಮಾಡಿದ್ದು ಇಷ್ಟು. ಹಳೇ ಮದುವೆ ಕಾರ್ಡುಗಳನ್ನ ಚೀಟಿ ಥರ ಕತ್ತರಿಸ್ದೆ, ಹಿಂಬದಿ ಖಾಲಿ ಇರತ್ತಲ್ಲ. ಒಂದು ಚೀಟಿಗೆ ಒಂದೇ ಪದ್ಯ, ಅದೂ ಪೂರ್ತಿ ಪದ್ಯ ಅಲ್ಲ, ಮೂರೋ ನಾಲ್ಕೋ ಪದ ಅಷ್ಟೇ. ಅದರ ಕೆಳಗೆ "ಅದಕ್ಕೇನೀಗ?" ಅಂತ ಬರೆದು ಅದಕ್ಕೆ ಉತ್ತರ ಒಂದು ವಾಕ್ಯ. ಉತ್ತರ ಹೊಳೀಲಿಲ್ವಾ, ಎಷ್ಟೇ ಫೇಮಸ್ ಪದ್ಯ ಆಗ್ಲಿ ಚೀಟಿ ಬುಟ್ಟಿಗೆ. ಸುಮಾರು 40 ಚೀಟಿಲಿ ಉಳಿದಿದ್ದು 11. ಬಾಯಿಪಾಠ ಮಾಡಿದ ಪದ್ಯ ಎಸೆಯೋವಾಗ ಹೊಟ್ಟೆ ಉರೀತಿತ್ತು ಕಣ್ರೀ.

"ನೆನೆಯದಿರಣ್ಣ ಭಾರತದೊಳ್" ಪದ್ಯ ಎಲ್ಲರಿಗೂ ಗೊತ್ತು, ಹನ್ನೆರಡನೇ ಆಶ್ವಾಸ (ಅಧ್ಯಾಯ), ಕರ್ಣ ಸತ್ತ ಮೇಲೆ ಬರೋದು. ಮೊದಲು ನಾನು ಬರೀತಿದ್ದಿದ್ದು "ಈ ಪದ್ಯದಲ್ಲಿ ಪಂಪನು ಕರ್ಣನನ್ನು ಹಾಡಿ ಹೊಗಳಿದ್ದಾನೆ". ಅದಕ್ಕೇನೀಗ? ಏನೂ ಇಲ್ಲ. ಒಂದಿನ ಕೂತು ಸುಮ್ನೆ ಎಣಿಸಿದೆ, ಆ ನಾಲ್ಕು ಸಾಲಲ್ಲಿ ಕರ್ಣ ಅನ್ನೋದು ಕರ್ಣರಸಾಯನವೂ ಸೇರಿ 8 ಸಲ ಬರತ್ತೆ. ಕಡೇ ಸಲ ಬರೋವಾಗ ಅದು ಕಿವಿ ಅನ್ನೋ ಅರ್ಥವೂ ಆಗತ್ತೆ, ಅಂದ್ರೆ ಹೆಸರು ಕೇಳ್ತಾ ಕೇಳ್ತಾ ನಮ್ಮ ಕಿವೀನೇ ಕರ್ಣ ಆಗೋಯ್ತು. ಈಗ ಕೊನೇ ಆಶ್ವಾಸದ "ಚಲದೊಳ್ ದುರ್ಯೋಧನಂ" ತಗೊಳ್ಳಿ. ಅಲ್ಲಿ 8 ಜನ, ಒಬ್ಬೊಬ್ಬರಿಗೆ ಒಂದೊಂದು ಗುಣ, ಕರ್ಣನಿಗೆ "ನನ್ನಿಯೊಳಿನತನಯಂ", ನನ್ನಿ ಅಂದ್ರೆ ಸತ್ಯ, ಇನತನಯ ಅಂದ್ರೆ ಸೂರ್ಯನ ಮಗ ಕರ್ಣ, ಸತ್ಯದಲ್ಲಿ ಮಾತ್ರ ಅವನು ಮೇಲು. ಅಲ್ಲಿ 8 ಜನರಿಗೆ ಹಂಚಿದ್ದನ್ನ ಇಲ್ಲಿ ಒಂದೇ ಹೆಸರನ್ನ 8 ಸಲ ಕರೆದು ಒಬ್ಬನಿಗೇ ಕೊಟ್ಟಿದಾನೆ. ಅಲ್ಲಿ ಬರೀ ನನ್ನಿ, ಇಲ್ಲಿ "ಕಡುನನ್ನಿ", ಅಂದ್ರೆ ಕಟ್ಟಾ ಸತ್ಯ. ಎಂಟಕ್ಕೆ ಎಂಟು ಪಂಪ ಲೆಕ್ಕ ಹಾಕೇ ಇಟ್ಟಿದಾನೆ ಅಂತ ನಾನು ಬರೆಯಲ್ಲ, ಹಂಗೆ ಬರೆದ್ರೆ ಮೇಷ್ಟ್ರು ಹಿಡ್ಕೋತಾರೆ, ಆದ್ರೆ ಕಡುನನ್ನಿ ವಿಷಯ ಧೈರ್ಯವಾಗಿ ಬರೀಬಹುದು, ಪದವೇ ಸಾಕ್ಷಿ ಹೇಳತ್ತೆ.

ಇದನ್ನ ಕಂಡುಕೊಂಡ ರಾತ್ರಿ ನಿದ್ದೆ ಬರ್ಲಿಲ್ಲ. ಯಾವ ಗೈಡಲ್ಲೂ ನಾನು ನೋಡಿರ್ಲಿಲ್ಲ.

ಜೋಡಿಸೋದು ಹೇಗೆ ಅಂದ್ರೆ, 11 ಚೀಟಿ ನೆಲದ ಮೇಲೆ ಹರಡ್ಕೊಂಡು ಮೊದಲು ನನ್ನ ಮಾತಿಗೆ (ಪಂಪನಿಗೆ ಕರ್ಣನೇ ಮೇಲು ಅನ್ನೋದಕ್ಕೆ) ವಿರುದ್ಧ ಇರೋ ಚೀಟಿ ಹುಡುಕ್ತೀನಿ. ಎಲ್ಲರೂ ಅದನ್ನ ಬಚ್ಚಿಡ್ತಾರೆ, ನಾನು ನಟ್ಟನಡುವೆ ಇಡ್ತೀನಿ. ಕಾವ್ಯದ ಹೆಸರೇ ವಿಕ್ರಮಾರ್ಜುನ ವಿಜಯ, ಅರ್ಜುನನ ಜೊತೆ ಆಶ್ರಯದಾತ ಅರಿಕೇಸರಿಯನ್ನ ಸಮೀಕರಿಸಿ 941ರ ಹೊತ್ತಿಗೆ ಬರೆದ ಕಾವ್ಯ, ಅಂಥದ್ರಲ್ಲಿ "ಬೇರೆ ಯಾರನ್ನೂ ನೆನೀಬೇಡ ಅಣ್ಣ" ಅಂತ ಶತ್ರುಪಕ್ಷದವನ ಬಗ್ಗೆ ಹೇಳೋದು ಅಂದ್ರೆ ಸುಮ್ನೆನಾ? ಈ ಪ್ರಶ್ನೆ ಉತ್ತರದ ಅರ್ಧಕ್ಕೆ ಬರ್ಬೇಕು. ಅದಕ್ಕೂ ಮುಂಚೆ "ಕುಲಂ ಕುಲಮಲ್ತು ಚಲಂ ಕುಲಂ ಗುಣಂ ಕುಲಂ", ಆಮೇಲೆ ನೆನೆಯದಿರಣ್ಣ, ಕಡೆಗೆ ಚಲದೊಳ್. ನಾಲ್ಕನೇದು ಯಾವ್ದು, ಮೊದಲ್ನೇ ವಾಕ್ಯ ಹೇಗೆ ಶುರು ಮಾಡ್ತೀನಿ ಅನ್ನೋದು ನನ್ಹತ್ರಾನೇ ಇರ್ಲಿ, ಮುಂದಿನ ವರ್ಷ ತಮ್ಮನೂ ಬರೀಬೇಕು. 16 ಮಾರ್ಕಿನ ಐದು ಪ್ರಶ್ನೆ, 3 ಗಂಟೆ, ಒಂದಕ್ಕೆ 35 ನಿಮಿಷ ಸಿಕ್ರೆ ಪುಣ್ಯ, ಅದ್ರಲ್ಲಿ 5 ನಿಮಿಷ ಕಡೇ ಪುಟದಲ್ಲಿ ಪೆನ್ಸಿಲಲ್ಲಿ ಈ ನಾಲ್ಕು ಚೀಟಿಯ ಆರ್ಡರ್ ಬರ್ಕೊಳ್ಳೋಕೇ ಕೊಡ್ತೀನಿ. ಪಕ್ಕದಲ್ಲಿ ಕೂತವನು ಆಗ್ಲೇ ಅಡಿಷನಲ್ ಶೀಟ್ ಕೇಳ್ತಿರ್ತಾನೆ, ಕೈ ನಡುಗತ್ತೆ, ಆದ್ರೂ ಬರ್ಕೋಬೇಕು.

ಎಲ್ಲಾ ಪ್ರಯೋಗಾನೂ ಗೆದ್ದಿಲ್ಲ. "ನೆತ್ತಮನಾಡಿ ಭಾನುಮತಿ" (ಭಾನುಮತಿ ದುರ್ಯೋಧನನ ಹೆಂಡ್ತಿ) ಒಂದೇ ಪದ್ಯದ ಮೇಲೆ ಇಡೀ ಉತ್ತರ ಕಟ್ಟೋಕೆ ಹೋದೆ, ಮನೇಲಿ ಟ್ರಯಲ್ಲು. ಪಗಡೆ ಆಡಿದ್ದು ಯಾರ ಜೊತೆ, ಹಾರ ಎಳೆದಿದ್ದು ಯಾರು ಅಂತ ವಿದ್ವಾಂಸರೇ ಜಗಳ ಆಡಿರೋ ಪದ್ಯ ಅದು, ಅನ್ವಯ (ಯಾವ ಪದ ಯಾವುದಕ್ಕೆ ಸೇರತ್ತೆ ಅಂತ) ಮಾಡ್ತಾ ಮಾಡ್ತಾ ಒಂದೂವರೆ ಗಂಟೆ ಹೋಯ್ತು, ಕರ್ಣನ ಸುದ್ದೀನೇ ಬರ್ಲಿಲ್ಲ. ಇನ್ನೊಬ್ಬ ಹಳಗನ್ನಡ ಕವಿ ರನ್ನನ "ನೀನುಳ್ಳೊಡುಂಟು ರಾಜ್ಯಂ" (ಕರ್ಣ, ನೀನಿದ್ರೆ ತಾನೇ ರಾಜ್ಯ) ತಂದು ಪಂಪನ ಪಕ್ಕ ಇಟ್ಟಿದ್ದು ಪರವಾಗಿಲ್ಲ, ರನ್ನನಲ್ಲಿ ಅಳೋನು ದುರ್ಯೋಧನ, ಪಂಪನಲ್ಲಿ ಹೊಗಳೋನು ಕವಿಯೇ, ಅಷ್ಟು ವ್ಯತ್ಯಾಸ ಮಾತ್ರ ಎರಡು ವಾಕ್ಯದಲ್ಲಿ ಮುಗಿಸಿದ್ರೆ ಚೆನ್ನಾಗಿ ಕೂರತ್ತೆ, ಮೂರನೇ ವಾಕ್ಯಕ್ಕೆ ಹೋದ್ರೆ ಬೇರೆ ಪ್ರಶ್ನೆಗೆ ಉತ್ತರ ಬರೆದಂಗಾಗತ್ತೆ.

ಹೊಡ್ಕೊಳ್ತೀಯ ಅಂದಿದ್ದ ಫ್ರೆಂಡು ಮೊನ್ನೆ ಫೋನ್ ಮಾಡಿ ಚೀಟಿ ಕೇಳ್ದ. ಚೀಟಿ ಕೊಡಲ್ಲ, ಮನೇಲಿ ಮದುವೆ ಕಾರ್ಡು ಇನ್ನೂ ರಾಶಿ ಇದಾವೆ, ಬೇಕಾದ್ರೆ ಅವನ್ನ ತಗೊಂಡೋಗು ಅಂದೆ.